ಡಿಜಿಟಲ್ ಚಿತ್ರಕಾರರನ್ನು ಹೆಸರು ಹಿಡಿದು ಹುಡುಕುವ ಬಗೆ

ಬೆಂಗಳೂರಿನಲ್ಲಿ ಗೇಮ್‌ಗಳಿಗೆ ಕಾನ್ಸೆಪ್ಟ್ ಆರ್ಟ್, ಅಂದರೆ ಪಾತ್ರ, ಜಾಗ, ವಸ್ತುಗಳ ಮೊದಲ ವಿನ್ಯಾಸದ ಚಿತ್ರ, ಮಾಡುವುದು ನನ್ನ ಕೆಲಸ. ಬಿಡುವಿದ್ದಾಗ ಹೊಸಬರ ಪೋರ್ಟ್‌ಫೋಲಿಯೋ ನೋಡಿ ತಿದ್ದಿಕೊಡುತ್ತೇನೆ. ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಓದುವವರು, ದಾವಣಗೆರೆಯ ದೃಶ್ಯಕಲಾ ಕಾಲೇಜಿನವರು, ಹಗಲು ಇಂಜಿನಿಯರಿಂಗ್ ಓದಿ ರಾತ್ರಿ ಟ್ಯಾಬ್ಲೆಟ್ ಹಿಡಿಯುವವರು, ಎಲ್ಲರಿಂದಲೂ ಒಂದಲ್ಲ ಒಂದು ದಿನ ಇದೇ ಮೆಸೇಜ್ ಬರುತ್ತದೆ: "ಅಕ್ಕಾ, ಯಾರನ್ನ ಫಾಲೋ ಮಾಡ್ಲಿ? ಒಂದು ಲಿಸ್ಟ್ ಕಳಿಸ್ತೀರಾ?"

ಲಿಸ್ಟ್ ಕಳಿಸುವುದಿಲ್ಲ. ನನ್ನ ಲಿಸ್ಟಿನಲ್ಲಿ ಇರುವುದು ನನ್ನ ರುಚಿ. ಅದನ್ನು ಹಾಗೇ ಎತ್ತಿಕೊಂಡರೆ ಫೋನಿನ ತುಂಬ ಚಿತ್ರ ಬರುತ್ತವೆ, ನಿಮ್ಮ ಕಣ್ಣು ಮಾತ್ರ ಇದ್ದಲ್ಲೇ ಇರುತ್ತದೆ. ಹುಡುಕುವ ದಾರಿ ಗೊತ್ತಾದರೆ ನಿಮಗೆ ಬೇಕಾದವರು ನಿಮಗೇ ಸಿಗುತ್ತಾರೆ. ಆ ದಾರಿಯ ಮೊದಲ ಹೆಜ್ಜೆ ಬಹಳ ಸಣ್ಣದು: ಚಿತ್ರವೊಂದು ಇಷ್ಟವಾದ ಕೂಡಲೇ ಅದನ್ನು ಬಿಡಿಸಿದವರು ಯಾರು ಎಂದು ಕೇಳಿಕೊಳ್ಳುವುದು. ಹೆಸರು ಸಿಗುವವರೆಗೆ ಆ ಚಿತ್ರ ಸೇವ್ ಮಾಡಬೇಡಿ.

ಇದು ಯಾಕೆ ಇಷ್ಟು ಮುಖ್ಯ ಎನ್ನುವುದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆಯೇ ಇದೆ. ಕೇಸರಿ, ಕಪ್ಪು ಬಣ್ಣದ ಆ ಖಡಕ್ ಹನುಮಂತ ಗೊತ್ತಲ್ಲ? ಕಾರಿನ ಹಿಂದಿನ ಗಾಜು, ಬೈಕ್, ಆಟೋ, ಟೀ ಶರ್ಟು, ವಾಟ್ಸಾಪ್ ಡಿಪಿ, ಎಲ್ಲೆಲ್ಲೂ ಇದ್ದಾನೆ. 2015ರಲ್ಲಿ ಕಾಸರಗೋಡಿನ ಕುಂಬಳೆಯ ಕರಣ್ ಆಚಾರ್ಯ ತಮ್ಮೂರಿನ ಹುಡುಗರ ಗಣೇಶೋತ್ಸವದ ಬಾವುಟಕ್ಕೆಂದು ಮಾಡಿಕೊಟ್ಟ ವೆಕ್ಟರ್ ಚಿತ್ರ ಅದು. ದೇಶದ ತುಂಬ ಓಡಾಡಿದ ಚಿತ್ರ, ಆದರೆ ಸ್ಟಿಕ್ಕರ್ ಅಂಟಿಸಿಕೊಂಡವರಲ್ಲಿ ಬಿಡಿಸಿದವರ ಹೆಸರು ಗೊತ್ತಿದ್ದವರು ಎಷ್ಟು ಜನ? ಹೆಸರು ಗೊತ್ತಿಲ್ಲದಿದ್ದರೆ ಆ ಒಂದು ಚಿತ್ರದಲ್ಲೇ ನಿಮ್ಮ ನೋಟ ನಿಂತುಬಿಡುತ್ತದೆ. ಹೆಸರು ಗೊತ್ತಾದರೆ ಅವರ ಉಳಿದ ಕೆಲಸ, ಅವರು ಕಲಿತ ರೀತಿ, ಅವರು ಮೆಚ್ಚುವ ಕಲಾವಿದರು, ಎಲ್ಲ ಒಂದರ ಹಿಂದೆ ಒಂದು ತೆರೆದುಕೊಳ್ಳುತ್ತವೆ.

ಹೆಸರಿಲ್ಲದ ಚಿತ್ರ ಸಿಕ್ಕಾಗ

ಹೆಚ್ಚಿನವರು ಶುರು ಮಾಡುವುದು ಪಿಂಟರೆಸ್ಟ್‌ನಿಂದ. ರೆಫರೆನ್ಸ್ ಒಟ್ಟು ಹಾಕುವುದಕ್ಕೆ ಅದು ಒಳ್ಳೆಯದೇ, ನಾನೂ ದಿನಾ ಬಳಸುತ್ತೇನೆ. ಆದರೆ ಅಲ್ಲಿ ಒಬ್ಬರು ಹಾಕಿದ್ದನ್ನು ಇನ್ನೊಬ್ಬರು, ಅವರದನ್ನು ಮತ್ತೊಬ್ಬರು ಪಿನ್ ಮಾಡುತ್ತ ಹೋಗಿ ಮೂಲವೇ ಕಳೆದುಹೋಗಿರುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಬೇರೆಯವರ ಚಿತ್ರ ಹಾಕಿ ಲಕ್ಷಗಟ್ಟಲೆ ಫಾಲೋವರ್ಸ್ ಮಾಡಿಕೊಂಡ ಪೇಜುಗಳ ಕಥೆಯೂ ಅದೇ. ಕೆಳಗೆ ಬರೀ ಹ್ಯಾಷ್‌ಟ್ಯಾಗ್ ಇರುತ್ತವೆ, ಕಲಾವಿದರ ಹೆಸರಿರುವುದಿಲ್ಲ. ಅಂಥ ಪೇಜುಗಳನ್ನು ಅನ್‌ಫಾಲೋ ಮಾಡಿ. ಇದನ್ನು ಮಾತ್ರ ನಾನು ಕಟ್ಟುನಿಟ್ಟಾಗಿಯೇ ಹೇಳುತ್ತೇನೆ.

ಮೊನ್ನೆ ಒಬ್ಬ ಹುಡುಗ ಮಂಜಿನಲ್ಲಿ ನಿಂತ ಒಂದು ಹಡಗಿನ ಚಿತ್ರ ಕಳಿಸಿದ್ದ, ಸ್ಕ್ರೀನ್‌ಶಾಟಿನ ಸ್ಕ್ರೀನ್‌ಶಾಟು. ಇಬ್ಬರೂ ಕೂತು ಹುಡುಕಿದೆವು. ಮೊದಲು ಚಿತ್ರದ ಕೆಳಗಿನ ಎರಡು ಮೂಲೆಗಳನ್ನು ಝೂಮ್ ಮಾಡಿದೆವು, ಏಕೆಂದರೆ ಸಹಿ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅದನ್ನು ಯಾರೋ ಕತ್ತರಿಸಿದ್ದರು. ಆಮೇಲೆ ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಕೊಟ್ಟೆವು. ಲೆನ್ಸ್ ಅದೇ ತರಹದ ಹತ್ತಾರು ಹಡಗು ತೋರಿಸಿತು, ಅದರಲ್ಲಿ ಮೂಲ ಯಾವುದೆಂದು ಹೇಳುವುದು ಕಷ್ಟ. ಇಂಥ ಕಡೆ ಟಿನ್‌ಐ ಬಳಸಬೇಕು. ಅದು 2008ರಿಂದ ಇರುವ ತಾಣ, ಒಂದೇ ಚಿತ್ರ ಎಲ್ಲೆಲ್ಲಿ ಇದೆ ಎಂದು ಹುಡುಕಿಕೊಡುತ್ತದೆ. ಬಂದ ಫಲಿತಾಂಶವನ್ನು ಅತಿ ಹಳೆಯದು ಮೊದಲು ಬರುವಂತೆ ಜೋಡಿಸಬಹುದು, ಅತಿ ದೊಡ್ಡ ಅಳತೆಯದು ಮೊದಲು ಬರುವಂತೆಯೂ ಜೋಡಿಸಬಹುದು. ಹಳೆಯದಾಗಿದ್ದು ಅಳತೆಯಲ್ಲಿ ದೊಡ್ಡದೂ ಆಗಿರುವ ಪ್ರತಿ ಸಿಕ್ಕರೆ ಮೂಲ ಹತ್ತಿರದಲ್ಲೇ ಇದೆ ಎಂದು ತಿಳಿಯಿರಿ. ನಮಗೆ ಸಿಕ್ಕಿದ ಹಳೆಯ ಪ್ರತಿಯಲ್ಲಿ ಸಹಿ ಪೂರ್ತಿ ಇತ್ತು. ಆ ಹೆಸರು ಹಾಕಿ ಹುಡುಕಿದರೆ ಪೋಲೆಂಡಿನ ಒಬ್ಬ ಕಲಾವಿದೆಯ ಪುಟ ತೆರೆಯಿತು. ಆ ಹಡಗಿನದೇ ಇನ್ನೂ ಹಲವು ಹಾಳೆಗಳು ಅಲ್ಲಿದ್ದವು: ಪಕ್ಕದಿಂದ, ಮೇಲಿನಿಂದ, ಒಳಗಿನ ಅಡುಗೆಮನೆ, ಲಂಗರಿನ ಸರಪಳಿ ಸುತ್ತುವ ಯಂತ್ರ. ಹುಡುಗ ಬೆರಗಾಗಿ ನೋಡುತ್ತ ಕೂತ. ಅವನಿಗೆ ಸಿಕ್ಕಿದ್ದ ಚಿತ್ರ ಇಡೀ ಕೆಲಸದ ಒಂದು ತುಣುಕು ಮಾತ್ರ ಆಗಿತ್ತು.

ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಶೈಲಿಯ ಚಿತ್ರವಾದರೆ ಸಾಸ್‌ನಾವ್ ಎನ್ನುವ ತಾಣ ಹೆಚ್ಚು ಕೆಲಸಕ್ಕೆ ಬರುತ್ತದೆ. ಜಪಾನಿನ ಚಿತ್ರತಾಣ ಪಿಕ್ಸಿವ್‌ನಲ್ಲಿರುವ ಮೂಲ ಪುಟಕ್ಕೇ ಅದು ಕರೆದುಕೊಂಡು ಹೋಗುತ್ತದೆ. ಪಿಕ್ಸಿವ್ 2007ರಲ್ಲಿ ಶುರುವಾದದ್ದು. ಅಲ್ಲಿ ಇಂಗ್ಲಿಷಿನಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಇಷ್ಟವಾದ ಚಿತ್ರದ ಕೆಳಗಿರುವ ಜಪಾನಿ ಟ್ಯಾಗನ್ನೇ ಕಾಪಿ ಮಾಡಿ ಹುಡುಕುವ ಜಾಗಕ್ಕೆ ಹಾಕಿ, ಬೇರೆಯೇ ಲೋಕ ಕಾಣುತ್ತದೆ.

ನಿಮಗೆ ಬೇಕಾದದ್ದು ಯಾವುದು ಎಂದು ಮೊದಲು ತಿಳಿಯಿರಿ

ಇಲ್ಲಸ್ಟ್ರೇಶನ್ ಮತ್ತು ಕಾನ್ಸೆಪ್ಟ್ ಆರ್ಟ್ ಎರಡನ್ನೂ ಒಂದೇ ಎಂದುಕೊಂಡು ಹುಡುಕಿದರೆ ತಪ್ಪು ಕಡೆ ಹೋಗುತ್ತೀರಿ. ಪುಸ್ತಕದ ಮುಖಪುಟ, ಕಥೆಯ ಚಿತ್ರ, ಪೋಸ್ಟರ್ ಇವು ಇಲ್ಲಸ್ಟ್ರೇಶನ್. ಓದುಗರ ಕಣ್ಣಿಗೆ ತಲುಪುವುದೇ ಆ ಚಿತ್ರ. ಕಾನ್ಸೆಪ್ಟ್ ಆರ್ಟ್ ಹಾಗಲ್ಲ, ಅದು ಮುಂದೆ ಸೆಟ್ ಕಟ್ಟುವವರಿಗೆ, ಥ್ರೀಡಿ ಮಾಡೆಲ್ ಮಾಡುವವರಿಗೆ, ಬಟ್ಟೆ ಹೊಲಿಯುವವರಿಗೆ ಕೊಡುವ ಉತ್ತರ. ನೋಡಲು ಚೆನ್ನಾಗಿದ್ದರೆ ಸಾಲದು, ಒಂದು ತೊಡಕನ್ನು ಬಿಡಿಸಿರಬೇಕು.

ರಾಲ್ಫ್ ಮ್ಯಾಕ್‌ಕ್ವಾರಿ ಅವರ ಕಥೆಯನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಅವರು ಮೊದಲು ಬೋಯಿಂಗ್ ವಿಮಾನ ಕಂಪನಿಯಲ್ಲಿ ಚಿತ್ರ ಬಿಡಿಸುತ್ತಿದ್ದವರು. 1975ರ ಹೊತ್ತಿಗೆ ಸ್ಟಾರ್ ವಾರ್ಸ್ ಚಿತ್ರಕ್ಕೆ ಕೆಲಸ ಶುರು ಮಾಡಿದರು. ಚಿತ್ರಕಥೆಯಲ್ಲಿ ಖಳನಾಯಕ ಒಂದು ಆಕಾಶನೌಕೆಯಿಂದ ಇನ್ನೊಂದಕ್ಕೆ ದಾಟಿ ಬರುತ್ತಾನೆ. ನಡುವೆ ಗಾಳಿ ಇಲ್ಲ, ಉಸಿರಾಡುವುದು ಹೇಗೆ? ಹಾಗಾಗಿ ಮ್ಯಾಕ್‌ಕ್ವಾರಿ ಅವನ ಮುಖಕ್ಕೆ ಉಸಿರಾಟದ ಮುಖವಾಡ ಹಾಕಿದರು. ಆ ಮುಖವಾಡವೇ ಆಮೇಲೆ ಡಾರ್ತ್ ವೇಡರ್‌ನ ಗುರುತಾಯಿತು. ಕಥೆಯ ಸಣ್ಣ ತೊಡಕಿಗೆ ಚಿತ್ರಕಾರ ಕೊಟ್ಟ ಉತ್ತರದಿಂದ ಒಂದು ಪಾತ್ರ ಹುಟ್ಟಿತು. ಒಬ್ಬ ಕಾನ್ಸೆಪ್ಟ್ ಆರ್ಟಿಸ್ಟಿನ ಪುಟ ತೆರೆದಾಗ ನಾನು ಹುಡುಕುವುದು ಇದನ್ನೇ: ಇವರು ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ? ಸಿಡ್ ಮೀಡ್ ಅವರನ್ನೂ ಹೀಗೇ ನೋಡಿ. ಫೋರ್ಡ್‌ನಲ್ಲಿ ಕಾರು ವಿನ್ಯಾಸ ಮಾಡಿದವರು, ಮುಂದೆ 1982ರ ಬ್ಲೇಡ್ ರನ್ನರ್ ಚಿತ್ರಕ್ಕೆ ಹಾರುವ ಕಾರುಗಳನ್ನೂ ಬೀದಿಗಳನ್ನೂ ಕಲ್ಪಿಸಿದರು. ಅವರ ಕಾರುಗಳಲ್ಲಿ ಬಾಗಿಲು ಹೇಗೆ ತೆರೆಯುತ್ತದೆ ಎನ್ನುವುದು ಚಿತ್ರ ನೋಡಿದರೇ ಗೊತ್ತಾಗುತ್ತದೆ.

ಆರ್ಟ್‌ಸ್ಟೇಷನ್ ಬಳಸುವ ರೀತಿ

ಕಾನ್ಸೆಪ್ಟ್ ಆರ್ಟ್‌ಗೆ ಇವತ್ತಿಗೂ ದೊಡ್ಡ ಜಾಗ ಆರ್ಟ್‌ಸ್ಟೇಷನ್ ಎಂಬ ತಾಣ. 2014ರಲ್ಲಿ ಶುರುವಾಗಿ 2021ರಲ್ಲಿ ಎಪಿಕ್ ಗೇಮ್ಸ್ ಕಂಪನಿಯ ಕೈಗೆ ಬಂತು. ಹೊಸಬರು ಅದರ ಮುಖಪುಟದ ಟ್ರೆಂಡಿಂಗ್ ನೋಡುತ್ತ ಕೂರುತ್ತಾರೆ. ಅಲ್ಲಿ ಬರುವುದು ಲೈಕಿನ ಲೆಕ್ಕಾಚಾರದಿಂದ ಮೇಲೆದ್ದ ಕೆಲಸ: ಮಿಂಚುವ ರಕ್ಷಾಕವಚ, ಡ್ರ್ಯಾಗನ್, ನಿಯಾನ್ ಬೆಳಕಿನ ಬೀದಿ. ಒಂದು ವಾರ ಅದನ್ನೇ ನೋಡಿದರೆ ನಿಮ್ಮ ಚಿತ್ರಗಳೂ ಹಾಗೇ ಆಗತೊಡಗುತ್ತವೆ.

ನಾನು ಹೇಳುವ ದಾರಿ ಬೇರೆ. ನಿಮಗೆ ನಿಜವಾಗಿ ಇಷ್ಟವಾದ ಒಬ್ಬ ಕಲಾವಿದರ ಪುಟ ತೆರೆಯಿರಿ. ಅವರ ಚಿತ್ರಗಳನ್ನು ನೋಡಿಯಾದ ಮೇಲೆ ಅವರು ಯಾರನ್ನು ಫಾಲೋ ಮಾಡುತ್ತಾರೆ, ಯಾವುದಕ್ಕೆ ಲೈಕ್ ಒತ್ತಿದ್ದಾರೆ ಎನ್ನುವ ಪಟ್ಟಿಗಳನ್ನು ತೆರೆಯಿರಿ. ಒಳ್ಳೆಯ ವೀಣೆ ಯಾರು ಮಾಡುತ್ತಾರೆ ಎಂದು ವೈಣಿಕರನ್ನೇ ಕೇಳಿದ ಹಾಗೆ ಇದು. ಹತ್ತು ಸಾವಿರ ಜನ ಮೆಚ್ಚಿದ ಚಿತ್ರಕ್ಕಿಂತ, ನುರಿತ ಒಬ್ಬರು ಮೆಚ್ಚಿದ, ಫಾಲೋವರ್ಸೇ ಇಲ್ಲದ ಒಬ್ಬರ ಚಿತ್ರದಲ್ಲಿ ಕಲಿಯುವುದು ಹೆಚ್ಚಿರುತ್ತದೆ. ಅಲ್ಲಿಂದ ಅವರ ಪಟ್ಟಿಗೆ, ಮತ್ತೆ ಅಲ್ಲಿಂದ ಮುಂದಕ್ಕೆ ಹೋಗಿ. ಮೂರನೇ ನಾಲ್ಕನೇ ಕೊಂಡಿಯ ಹೊತ್ತಿಗೆ ನಿಮ್ಮ ಗೆಳೆಯರಲ್ಲಿ ಯಾರೂ ಕೇಳಿರದ ಹೆಸರುಗಳು ಸಿಗುತ್ತವೆ.

ಚಿತ್ರದ ಪಕ್ಕದಲ್ಲಿ ಬರೆದಿರುವುದನ್ನು ಓದುವ ಅಭ್ಯಾಸ ನಮ್ಮವರಿಗೆ ಇಲ್ಲ. ಅಲ್ಲೇ ಎಲ್ಲ ಇರುತ್ತದೆ: ಇದು ಯಾವ ಸ್ಟುಡಿಯೋದಲ್ಲಿದ್ದಾಗ ಮಾಡಿದ್ದು, ಆರ್ಟ್ ಡೈರೆಕ್ಟರ್ ಯಾರು, ಜೊತೆಗೆ ಕೆಲಸ ಮಾಡಿದವರು ಯಾರು, ಥ್ರೀಡಿ ಆಧಾರ ಬ್ಲೆಂಡರ್ ಎಂಬ ಸಾಫ್ಟ್‌ವೇರಿನಲ್ಲಿ ಮಾಡಿದ್ದೋ ಪೂರ್ತಿ ಫೋಟೋಶಾಪಿನಲ್ಲಿ ಬಿಡಿಸಿದ್ದೋ. ಎರಡು ಸಾಲಿನ ಆ ಟಿಪ್ಪಣಿಯಲ್ಲಿ ಮೂರು ಹೊಸ ಹೆಸರು ಸಿಕ್ಕಿಬಿಡುತ್ತವೆ. ಕಲಾವಿದರನ್ನು ದೇಶ, ಊರು, ಸಾಫ್ಟ್‌ವೇರ್ ಪ್ರಕಾರ ಸೋಸಿ ಹುಡುಕುವ ಅನುಕೂಲವೂ ಅಲ್ಲಿದೆ. ಊರಿನ ಜಾಗದಲ್ಲಿ ಬೆಂಗಳೂರು ಎಂದು ಹಾಕಿ ನೋಡಿ. ನಿಮ್ಮ ಪಕ್ಕದ ಬಡಾವಣೆಯಲ್ಲೇ ಎಂಥೆಂಥ ಕೆಲಸ ನಡೆಯುತ್ತಿದೆ ಎಂದು ತಿಳಿಯುತ್ತದೆ.

ಇನ್ನೊಂದು ವಿಷಯ ಈ ಉದ್ಯೋಗದ ಒಳಗಿನವರಿಗೆ ಚೆನ್ನಾಗಿ ಗೊತ್ತು, ಹೊರಗಿನವರಿಗೆ ಗೊತ್ತಿರುವುದಿಲ್ಲ. ಗೇಮ್ ಬಿಡುಗಡೆ ಆಗುವವರೆಗೆ ಅದರ ಕೆಲಸವನ್ನು ಯಾರಿಗೂ ತೋರಿಸುವುದಿಲ್ಲ ಎಂದು ನಾವೆಲ್ಲ ಸಹಿ ಹಾಕಿರುತ್ತೇವೆ. ಹಾಗಾಗಿ ಒಬ್ಬರ ಪುಟದಲ್ಲಿ ಎರಡು ವರ್ಷ ಏನೂ ಬರದಿದ್ದರೆ ಅವರು ಕೈ ಬಿಟ್ಟಿದ್ದಾರೆ ಎಂದುಕೊಳ್ಳಬೇಡಿ. ಬಿಡುಗಡೆಯಾದ ದಿನ ಇಡೀ ತಂಡ ಒಟ್ಟಿಗೇ ತಮ್ಮ ಕೆಲಸ ಹಾಕುತ್ತದೆ. ಇದಕ್ಕೆ ಆರ್ಟ್ ಬ್ಲಾಸ್ಟ್ ಎನ್ನುತ್ತಾರೆ. ದೊಡ್ಡ ಗೇಮ್ ಬಂದ ವಾರ ಅದರ ಹೆಸರಿನ ಜೊತೆ ಈ ಎರಡು ಪದ ಸೇರಿಸಿ ಹುಡುಕಿ. ಒಂದೇ ಲೋಕವನ್ನು ಹಲವರು ಹಂಚಿಕೊಂಡು ಹೇಗೆ ಕಟ್ಟಿದರು, ಒಬ್ಬರು ಮನೆಗಳನ್ನು, ಇನ್ನೊಬ್ಬರು ಆಯುಧಗಳನ್ನು, ಮತ್ತೊಬ್ಬರು ಬೆಳಕನ್ನು ಹೇಗೆ ನೋಡಿಕೊಂಡರು ಎನ್ನುವುದನ್ನು ಒಟ್ಟಿಗೆ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ.

ಬಿಹಾನ್ಸ್ ಎಂಬ ತಾಣದಲ್ಲಿ ಇಲ್ಲಸ್ಟ್ರೇಶನ್, ಪುಸ್ತಕ ವಿನ್ಯಾಸ, ಜಾಹೀರಾತಿನ ಕೆಲಸ ಹೆಚ್ಚು. 2012ರಿಂದ ಅದು ಅಡೋಬಿ ಕಂಪನಿಯದು. ಅಲ್ಲಿ ಒಂದು ಪ್ರಾಜೆಕ್ಟನ್ನು ಮೊದಲ ಸ್ಕೆಚ್‌ನಿಂದ ಮುದ್ರಣದವರೆಗೆ ಉದ್ದಕ್ಕೆ ತೋರಿಸುವ ರೂಢಿ ಇದೆ. ಡೀವಿಯಂಟ್‌ಆರ್ಟ್ 2000ದಿಂದಲೂ ಇರುವ ತಾಣ. ಇವತ್ತಿನ ದೊಡ್ಡವರ ಹಳೆಯ ಖಾತೆಗಳು ಕೆಲವು ಅಲ್ಲಿ ಹಾಗೇ ಉಳಿದಿವೆ. ಅವರ ಆರಂಭದ ಚಿತ್ರಗಳನ್ನು ನೋಡುವುದು ಕಲಿಯುವವರಿಗೆ ಬಹಳ ಧೈರ್ಯ ಕೊಡುತ್ತದೆ.

ಹೆಸರು ಬರೆದಿಟ್ಟ ಜಾಗಗಳು

ಸಿನಿಮಾ ಮುಗಿದ ಮೇಲೆ ಓಡುವ ಹೆಸರುಗಳನ್ನು ಪೂರ್ತಿ ನೋಡಿ. ಓಟಿಟಿಯಲ್ಲಾದರೆ ಮುಂದಿನ ಕಂತಿಗೆ ಹಾರುವ ಮೊದಲು ನಿಲ್ಲಿಸಿ. ಅದಕ್ಕೂ ಸುಲಭದ ದಾರಿ ಐಎಂಡಿಬಿ: ಸಿನಿಮಾದ ಪೂರ್ತಿ ತಂಡದ ಪುಟಕ್ಕೆ ಹೋಗಿ ಆರ್ಟ್ ವಿಭಾಗದಲ್ಲಿ ಕಾನ್ಸೆಪ್ಟ್ ಎಂಬ ಪದ ಹುಡುಕಿದರೆ ಕಲಾವಿದರ ಹೆಸರುಗಳೆಲ್ಲ ಬರುತ್ತವೆ. ಅನಿಮೇಶನ್ ಚಿತ್ರವಾದರೆ ವಿಷುವಲ್ ಡೆವಲಪ್‌ಮೆಂಟ್ ಎಂದಿರುತ್ತದೆ. ಗೇಮ್‌ಗಳಿಗೆ ಇದೇ ಕೆಲಸವನ್ನು ಮೋಬಿಗೇಮ್ಸ್ ಎಂಬ ತಾಣ ಮಾಡುತ್ತದೆ.

ನನಗೆ ಅತ್ಯಂತ ಪ್ರೀತಿಯ ಜಾಗ ಮಾತ್ರ ಮ್ಯಾಜಿಕ್ ದ ಗ್ಯಾದರಿಂಗ್ ಎಂಬ ಇಸ್ಪೀಟಿನಂಥ ಕಾರ್ಡಾಟ. ನಾನು ಆ ಆಟ ಆಡುವವಳಲ್ಲ. ಆದರೆ 1993ರಲ್ಲಿ ಶುರುವಾದಾಗಿನಿಂದ ಅದರ ಕಾರ್ಡುಗಳ ಕೆಳಗೆ ಚಿತ್ರ ಬಿಡಿಸಿದವರ ಹೆಸರು ಅಚ್ಚಾಗಿರುತ್ತದೆ. ಸ್ಕ್ರೈಫಾಲ್ ಎನ್ನುವ ತಾಣದಲ್ಲಿ ಯಾವುದಾದರೂ ಕಾರ್ಡ್ ತೆರೆದು ಕಲಾವಿದರ ಹೆಸರಿನ ಮೇಲೆ ಒತ್ತಿದರೆ ಅವರು ಬಿಡಿಸಿದ ಅಷ್ಟೂ ಕಾರ್ಡುಗಳು ಒಂದೇ ಪುಟದಲ್ಲಿ ಬರುತ್ತವೆ. ಜಾನ್ ಏವನ್ ಬಿಡಿಸಿದ ಕಾಡು, ಗುಡ್ಡ, ದ್ವೀಪಗಳನ್ನು ಒಟ್ಟಿಗೆ ನೋಡಿ. ಅಂಗೈಯಷ್ಟೂ ಇಲ್ಲದ ಜಾಗದಲ್ಲಿ ಮೈಲುಗಟ್ಟಲೆ ಆಳ ಹೇಗೆ ತಂದಿದ್ದಾರೆ! ಮಗಾಲಿ ವಿಲ್ನವ್ ಅವರ ಪಾತ್ರಗಳ ಮುಖಗಳನ್ನು ನೋಡಿ. 2016ರಲ್ಲಿ ಬಂದ ಕಲಾದೇಶ್ ಎಂಬ ಕಂತಿಗೆ ಭಾರತದ ಪ್ರೇರಣೆ ಇತ್ತು: ಸೀರೆಯ ನೆರಿಗೆ, ಲೋಹದ ತಂತಿ ಕುಸುರಿಯಂಥ ಯಂತ್ರಗಳು. ನಮ್ಮ ಉಡುಗೆ ಹೊರಗಿನವರ ಕೈಯಲ್ಲಿ ಯಾವ ರೂಪ ತಾಳಿತು, ಎಲ್ಲಿ ಸರಿಹೋಯಿತು, ಎಲ್ಲಿ ವೇಷದಂತಾಯಿತು ಎಂದು ಗಮನಿಸುವುದೇ ಒಂದು ಪಾಠ.

ಕಲಾಮೇಳಗಳ ಪಟ್ಟಿಯೂ ಹೀಗೇ ಕೆಲಸಕ್ಕೆ ಬರುತ್ತದೆ. ಅಮೆರಿಕದ ಪಸಡೀನಾದಲ್ಲಿ 2019ರಲ್ಲಿ ಶುರುವಾದ ಲೈಟ್‌ಬಾಕ್ಸ್ ಎಕ್ಸ್‌ಪೋಗೆ ನಾವು ಹೋಗಲಾಗದಿದ್ದರೂ ಅಲ್ಲಿ ಮಳಿಗೆ ಹಾಕುವ ಕಲಾವಿದರ ಹೆಸರುಗಳನ್ನು ತಾಣದಲ್ಲಿ ನೋಡಬಹುದು. ಬೆಂಗಳೂರಿನ ಕಾಮಿಕ್ ಕಾನ್‌ಗೆ ಹೋದರೆ ಕಲಾವಿದರ ಮೇಜುಗಳ ಸಾಲಿಗೇ ಮೊದಲು ಹೋಗಿ. ಜನವರಿಯ ಚಿತ್ರಸಂತೆಯಲ್ಲೂ ಈಗ ಡಿಜಿಟಲ್ ಕೆಲಸದವರು ಕಾಣಸಿಗುತ್ತಾರೆ. ಅವರ ಕಾರ್ಡ್ ಇಸಿದುಕೊಂಡು ಬನ್ನಿ.

ಸ್ಟುಡಿಯೋಗಳು

ಸ್ಟುಡಿಯೋದ ತಾಣದಲ್ಲಿ ಸುಂದರ ಚಿತ್ರಗಳಷ್ಟೇ ಇರುತ್ತವೆ. ಹೆಸರುಗಳು ಇರುವುದೇ ಅಪರೂಪ. ಅದಕ್ಕೆ ಎರಡೂ ಕಡೆಯಿಂದ ಹೋಗಬೇಕು: ತಾಣದಲ್ಲಿ ಕೆಲಸ ನೋಡಿ, ಆಮೇಲೆ ಆ ಸ್ಟುಡಿಯೋದ ಹೆಸರನ್ನು ಆರ್ಟ್‌ಸ್ಟೇಷನ್‌ನಲ್ಲಿ ಹುಡುಕಿದರೆ ಅಲ್ಲಿ ದುಡಿದವರು ಸಿಗುತ್ತಾರೆ.

ಶುರು ಮಾಡಲು ಕೆಲವು ಹೇಳುತ್ತೇನೆ, ಇವು ಒಂದರಂತೆ ಒಂದಿಲ್ಲ ಎನ್ನುವ ಕಾರಣಕ್ಕೆ. ಬರ್ಲಿನ್‌ನ ಕಾರಾಕ್ಟರ್ ಎಂಬುದು ಗೇಮ್ ಆಫ್ ಥ್ರೋನ್ಸ್ ಧಾರಾವಾಹಿಗೆ ಕೆಲಸ ಮಾಡಿದ ಸ್ಟುಡಿಯೋ. ಕಲ್ಲು, ಹವೆ, ದೂರ ಇವನ್ನು ಅವರು ನಿಭಾಯಿಸುವ ರೀತಿ ನೋಡಿ. ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ 2009ರಲ್ಲಿ ಹುಟ್ಟಿದ ಆಟಮ್‌ಹಾಕ್ ಬಣ್ಣದ ವಿಷಯದಲ್ಲಿ ಧಾರಾಳಿ. ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ ಚಿತ್ರಕ್ಕೆ ಕೆಲಸ ಮಾಡಿದವರು. ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿರುವ ವೇಟಾ ವರ್ಕ್‌ಶಾಪಿನಲ್ಲಿ ಚಿತ್ರ ಬಿಡಿಸುವವರು, ಕತ್ತಿ ಬಡಿಯುವವರು, ಬಟ್ಟೆ ಹೊಲಿಯುವವರು ಒಂದೇ ಸೂರಿನಡಿ ಇರುತ್ತಾರೆ. ಹಾಗಾಗಿ ಅವರ ವಿನ್ಯಾಸಗಳಲ್ಲಿ ಬಕಲ್ ಎಲ್ಲಿ ಸೇರುತ್ತದೆ, ಚರ್ಮ ಎಲ್ಲಿ ಮಡಚುತ್ತದೆ ಎನ್ನುವುದು ಸ್ಪಷ್ಟವಾಗಿರುತ್ತದೆ. ಪ್ಯಾರಿಸ್ಸಿನ ಫೋರ್ಟಿಶ್ ಥ್ರೀಡಿಯ ಮೇಲೆ ಕೈಯಲ್ಲಿ ಬಣ್ಣ ಬಳಿದಂತೆ ಕಾಣುವ ಶೈಲಿಯನ್ನು ಪಳಗಿಸಿಕೊಂಡಿದೆ. 2021ರ ಆರ್ಕೇನ್ ಧಾರಾವಾಹಿ ಅವರದ್ದು.

ನಮ್ಮ ಕಡೆ ಬಂದರೆ, ಬೆಂಗಳೂರಿನ ಧ್ರುವ ಇಂಟರಾಕ್ಟಿವ್ 1997ರಷ್ಟು ಹಿಂದೆಯೇ ಶುರುವಾದ ಗೇಮ್ ಸ್ಟುಡಿಯೋ. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕಂಪನಿ ಅದನ್ನು ಕೊಂಡಿತು. ಅಲ್ಲಿಂದ ಹೊರಬಂದ ಎಷ್ಟೋ ಜನ ಊರಿನ ಬೇರೆ ಬೇರೆ ಸ್ಟುಡಿಯೋಗಳಲ್ಲಿದ್ದಾರೆ. ಅವರ ಪುಟಗಳಲ್ಲಿ ಆ ಹೆಸರು ಹುಡುಕಿದರೆ ಬೆಂಗಳೂರಿನ ಗೇಮ್ ಕಲೆಯ ವಂಶಾವಳಿಯೇ ಕಾಣುತ್ತದೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ರಾಜಿ ಎಂಬ ಗೇಮಿನಲ್ಲಿ ಪಹಾಡಿ ಮಿನಿಯೇಚರ್ ವರ್ಣಚಿತ್ರಗಳ ಛಾಯೆ ಇದೆ. ಸಣ್ಣ ತಂಡ ತನ್ನ ನೆಲದ ಚಿತ್ರಪರಂಪರೆಯನ್ನು ಗೇಮಿಗೆ ಹೊಂದಿಸಿಕೊಂಡ ಬಗೆಯನ್ನು ನೋಡಲೇಬೇಕು.

ಮಕ್ಕಳ ಪುಸ್ತಕದ ಚಿತ್ರ ನಿಮ್ಮ ಆಸಕ್ತಿಯಾದರೆ ದೂರ ಹೋಗುವ ಅಗತ್ಯವೇ ಇಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ್ದೂ ಸೇರಿ ಸಾವಿರಾರು ಪುಸ್ತಕಗಳು ಉಚಿತವಾಗಿ ಇವೆ, ಪ್ರತಿಯೊಂದರಲ್ಲೂ ಚಿತ್ರಕಾರರ ಹೆಸರಿದೆ. ರಾಜೀವ್ ಐಪ್, ಪ್ರಿಯಾ ಕುರಿಯನ್ ಇವರ ಪುಸ್ತಕಗಳನ್ನು ತೆರೆದು ಮಾತು ಓದದೆ ಬರೀ ಚಿತ್ರಗಳಲ್ಲೇ ಕಥೆ ತಿಳಿಯುತ್ತದೆಯೇ ನೋಡಿ. ನಮ್ಮ ಬಸ್ಸು, ನಮ್ಮ ಅಜ್ಜಿ, ನಮ್ಮ ಬೀದಿನಾಯಿಯ ಮೈಮುರಿತವನ್ನು ಹಿಡಿದವರು ಇವರು. ವಿದೇಶಿ ಪೋರ್ಟ್‌ಫೋಲಿಯೋಗಳಲ್ಲಿ ಅದು ಸಿಗುವುದಿಲ್ಲ.

ಮನುಷ್ಯರ ಕೈಯದ್ದೇ ಎಂದು ತಿಳಿಯುವುದು

ಈಗ ಹುಡುಕುವಾಗ ಎಐ ಚಿತ್ರಗಳು ಅಡ್ಡ ಬರುತ್ತವೆ. ಬರೆದು ಕೇಳಿದರೆ ಚಿತ್ರ ಮಾಡಿಕೊಡುವ ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್ ಎಲ್ಲರ ಕೈಗೆ ಬಂದದ್ದು 2022ರ ಜುಲೈ, ಆಗಸ್ಟಿನಲ್ಲಿ. ಆ ವರ್ಷದ ಡಿಸೆಂಬರಿನಲ್ಲಿ ಆರ್ಟ್‌ಸ್ಟೇಷನ್‌ನ ಕಲಾವಿದರು ತಮ್ಮ ಪುಟಗಳ ತುಂಬ ಎಐ ಬೇಡ ಎನ್ನುವ ಒಂದೇ ಚಿತ್ರ ಹಾಕಿ ಪ್ರತಿಭಟಿಸಿದರು. ನಮ್ಮೆಲ್ಲರ ವರ್ಷಗಳ ಕೆಲಸವನ್ನು ಕೇಳದೆ ಎತ್ತಿಕೊಂಡು ಅವುಗಳಿಗೆ ಕಲಿಸಿದ್ದಾರೆ ಎನ್ನುವ ನೋವು ನನಗೂ ಇದೆ. 2024ರ ಜೂನ್‌ನಲ್ಲಿ ಕಾರಾ ಎಂಬ ತಾಣಕ್ಕೆ ಕಲಾವಿದರು ಸಾಲುಗಟ್ಟಿ ಹೋದದ್ದೂ ಇದೇ ಕಾರಣಕ್ಕೆ. ಛಾಯಾಗ್ರಾಹಕಿ ಜಿಂಗ್ನಾ ಜಾಂಗ್ ಕಟ್ಟಿದ ತಾಣ ಅದು, ಎಐ ಚಿತ್ರಗಳನ್ನು ದೂರ ಇಡುವುದೇ ಅದರ ನಿಲುವು. ಹುಡುಕುವುದಕ್ಕೆ ಅಲ್ಲಿಗೂ ಹೋಗಿ.

ಕಲಾವಿದರ ಪುಟದಲ್ಲಿ 2022ಕ್ಕಿಂತ ಹಿಂದಿನ ಕೆಲಸ ಇದೆಯೇ ಎಂದು ನೋಡುವುದು ಮೊದಲ ಪರೀಕ್ಷೆ. ಆದರೆ ಈಗಷ್ಟೇ ಶುರು ಮಾಡಿದ ಚಿಕ್ಕವರಿಗೆ ಅದರಿಂದ ಅನ್ಯಾಯವಾಗುತ್ತದೆ. ಅವರ ಬಗ್ಗೆ ತಿಳಿಯಲು ಒಂದೇ ಪಾತ್ರವನ್ನು ಎರಡು ಮೂರು ಕಡೆಯಿಂದ ಬಿಡಿಸಿದ ಹಾಳೆ ಹುಡುಕಿ. ಮುಂದಿನಿಂದ ಕಾಣುವ ಸೊಂಟಪಟ್ಟಿ ಹಿಂದಿನಿಂದ ನೋಡಿದಾಗಲೂ ಅದೇ ಆಗಿದೆಯೇ, ಕತ್ತಿಯ ಒರೆ ಯಾವ ಕುಣಿಕೆಗೆ ತೂಗಿದೆ, ಎಡಗೈಯ ಬಳೆ ಪಕ್ಕದ ನೋಟದಲ್ಲಿ ಬಲಗೈಗೆ ಹೋಗಿದೆಯೇ. ಬಿಡಿಸುವಾಗ ಯೋಚಿಸಿದವರ ಹಾಳೆಯಲ್ಲಿ ಇವೆಲ್ಲ ತಾಳೆಯಾಗುತ್ತವೆ. ಅಳಿಸಿ ತಿದ್ದಿದ ಗೆರೆ, ಬೇಡವೆಂದು ಬಿಟ್ಟ ಸಣ್ಣ ಸಣ್ಣ ಸ್ಕೆಚ್ಚುಗಳು ಇದ್ದರೆ ಇನ್ನೂ ಒಳ್ಳೆಯದು.

ಸಿಕ್ಕ ಮೇಲೆ ನೋಡುವ ರೀತಿ

ಹತ್ತು ಜನರನ್ನು ಮೇಲಿಂದ ಮೇಲೆ ನೋಡುವ ಬದಲು ಒಬ್ಬರ ಜೊತೆ ಒಂದು ತಿಂಗಳು ಇರಿ. ನಾನು ಮಲೆನಾಡು, ಕರಾವಳಿಯ ಮಕ್ಕಳಿಗೆ ಸ್ವೀಡನ್ನಿನ ಸಿಮೊನ್ ಸ್ಟೋಲೆನ್‌ಹಾಗ್ ಅವರನ್ನು ನೋಡಲು ಹೇಳುತ್ತೇನೆ. ಸ್ಟಾಕ್‌ಹೋಮ್ ಪಕ್ಕದ ಹಳ್ಳಿಗಾಡಿನಲ್ಲಿ ಬೆಳೆದವರು. ಹಿಮ ಕವಿದ ಹೊಲ, ಹಳೇ ವೋಲ್ವೋ ಕಾರು, ಬೆಚ್ಚನೆ ಕೋಟು ತೊಟ್ಟ ಮಕ್ಕಳು, ಅವರ ಹಿಂದೆ ಮನೆಗಿಂತ ಎತ್ತರದ ತುಕ್ಕು ಹಿಡಿದ ಯಂತ್ರ, ಇಂಥವು ಅವರ ಚಿತ್ರಗಳು. ಅಷ್ಟು ದೊಡ್ಡ ಯಂತ್ರ ಇದ್ದರೂ ಅದು ಚಿತ್ರವನ್ನು ನುಂಗುವುದಿಲ್ಲ. ಯಾಕೆ? ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಿ, ಬೆರಳುಗುರಿನಷ್ಟು ಚಿಕ್ಕದು ಮಾಡಿ ನೋಡಿ. ದೂರದ ಯಂತ್ರ ಆಕಾಶದ ಬೂದು ಬಣ್ಣಕ್ಕೆ ಬಹಳ ಹತ್ತಿರದಲ್ಲಿರುತ್ತದೆ, ಅದರ ಅಂಚುಗಳು ಮಂಜಿನಲ್ಲಿ ಕರಗಿರುತ್ತವೆ. ಕಡು ಕಪ್ಪು, ಗಾಢ ಬಣ್ಣ ಹತ್ತಿರದ ಸಣ್ಣ ವಸ್ತುಗಳಿಗೆ ಮೀಸಲು. ಟ್ಯಾಬ್ಲೆಟ್ಟಿನಲ್ಲೇ ಬಿಡಿಸಿದ್ದಾದರೂ ಬ್ರಷ್ಷಿನ ಗುರುತು ನೀರ್ಬಣ್ಣದ ತರಹ, ಗುವಾಶ್ ಎಂಬ ದಟ್ಟ ನೀರ್ಬಣ್ಣದ ತರಹ ಕಾಣುತ್ತದೆ. ಅವರು ಮೆಚ್ಚುವ ಕಲಾವಿದರಲ್ಲಿ ಸ್ವೀಡನ್ನಿನ ಹಕ್ಕಿಚಿತ್ರಕಾರ ಲಾರ್ಸ್ ಯೋನ್ಸನ್ ಒಬ್ಬರು. ಯೋನ್ಸನ್ ಅವರ ಕಡಲದಂಡೆಯ ಹಕ್ಕಿಗಳನ್ನು ಒಮ್ಮೆ ನೋಡಿದರೆ ಸ್ಟೋಲೆನ್‌ಹಾಗ್ ಚಿತ್ರಗಳಲ್ಲಿನ ಆ ತಣ್ಣನೆ ಬೆಳಕಿನ ಬೇರು ಸಿಗುತ್ತದೆ. ನನ್ನ ಹತ್ತಿರ ಬರುವ ತೀರ್ಥಹಳ್ಳಿಯ ಹುಡುಗಿಯೊಬ್ಬಳು ಇದೇ ಅಭ್ಯಾಸ ಮಾಡಿ ಅಡಿಕೆ ತೋಟ, ಜಂಬಿಟ್ಟಿಗೆ ಕಲ್ಲುಗಣಿ, ಮಳೆಗಾಲದ ಬಸ್‌ಸ್ಟಾಂಡ್ ಬಿಡಿಸತೊಡಗಿದಳು. ಈಗ ಅವಳ ಪುಟ ನೋಡಿದರೆ ಅದು ಅವಳದ್ದೇ ಎಂದು ಗುರುತು ಸಿಗುತ್ತದೆ.

ಕಲಿಸುವವರನ್ನೂ ಇದೇ ಹೊತ್ತಿನಲ್ಲಿ ಹಿಡಿಯಿರಿ. ಸಿಂಗಾಪುರದಲ್ಲಿ ಎಫ್‌ಜೆಡ್‌ಡಿ ಶಾಲೆ ನಡೆಸುವ ಫೆಂಗ್ ಜೂ ಅವರ ಡಿಸೈನ್ ಸಿನಿಮಾ ಸರಣಿ ಯೂಟ್ಯೂಬಿನಲ್ಲಿ ಉಚಿತ. ಚಿತ್ರಕಾರ ಬಾಬಿ ಚ್ಯೂ ಮಾಡುವ ಸಂದರ್ಶನಗಳಲ್ಲಿ ಕಲಾವಿದರು ತಮಗೆ ದಾರಿ ತೋರಿದವರ ಹೆಸರು ಹೇಳುತ್ತಾರೆ, ಅದನ್ನು ಬರೆದುಕೊಳ್ಳಿ. ಚಿತ್ರಕಾರ ಜೇಮ್ಸ್ ಗರ್ನಿ 2007ರಲ್ಲಿ ಶುರು ಮಾಡಿದ ಬ್ಲಾಗಿನಲ್ಲಿ ಬೆಳಕು, ಬಣ್ಣದ ಬಗ್ಗೆ ಇರುವಷ್ಟು ತಿಳಿವಳಿಕೆ ಒಂದು ಕಾಲೇಜಿನ ಕೋರ್ಸಿಗೆ ಸಾಕು.

ಸೇವ್ ಮಾಡುವಾಗ ಫೈಲಿಗೆ ಕಲಾವಿದರ ಹೆಸರು, ವರ್ಷ, ಸ್ಟುಡಿಯೋ ಇಷ್ಟನ್ನೂ ಸೇರಿಸಿ. ಜೊತೆಗೆ ಒಂದು ಸಾಲು: ಇದರಲ್ಲಿ ನನಗೆ ಏನು ಹಿಡಿಸಿತು. "ಚೆನ್ನಾಗಿದೆ" ಎಂದು ಬರೆಯಬೇಡಿ, "ನೆರಳಿನೊಳಗೆ ನೀಲಿ ಇದೆ" ಎಂದು ಬರೆಯಿರಿ. ಫೀಡ್‌ನ ಹಂಗು ಬೇಡವೆನ್ನುವವರು ಒಂದು ಆರ್‌ಎಸ್‌ಎಸ್ ರೀಡರ್, ಅಂದರೆ ಬೇರೆ ಬೇರೆ ತಾಣಗಳ ಹೊಸ ಪೋಸ್ಟುಗಳನ್ನು ಒಂದೇ ಕಡೆ ತೋರಿಸುವ ಆ್ಯಪ್, ಇಟ್ಟುಕೊಳ್ಳಿ. ಆರ್ಟ್‌ಸ್ಟೇಷನ್‌ನಲ್ಲಿ ಕಲಾವಿದರ ಪುಟದ ವಿಳಾಸದ ಕೊನೆಗೆ ಚುಕ್ಕೆ ಹಾಕಿ ಆರ್‌ಎಸ್‌ಎಸ್ ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ ಅವರ ಹೊಸ ಕೆಲಸ ನೇರ ಅಲ್ಲಿಗೆ ಬರುತ್ತದೆ.

ಇಷ್ಟೆಲ್ಲ ಆದ ಮೇಲೆ ಆ ಕಲಾವಿದರಿಗೆ ಒಂದು ಮೆಸೇಜ್ ಕಳಿಸಿ. ತುಂಬ ಜನ ಹಿಂಜರಿಯುತ್ತಾರೆ, ಹಿಂಜರಿಯಬೇಡಿ. "ನಿಮ್ಮ ಅಭಿಮಾನಿ, ನನ್ನ ಪೋರ್ಟ್‌ಫೋಲಿಯೋ ನೋಡಿ" ಎಂದರೆ ಅವರಿಗೆ ಉತ್ತರಿಸಲು ಏನೂ ಇರುವುದಿಲ್ಲ. ಒಂದು ಚಿತ್ರದ ಹೆಸರು ಹೇಳಿ, ಅದರಲ್ಲಿನ ಒಂದೇ ವಿಷಯ ಕೇಳಿ: ಈ ಸೇತುವೆಯ ಕಂಬಗಳನ್ನು ಮೊದಲು ಥ್ರೀಡಿಯಲ್ಲಿ ನಿಲ್ಲಿಸಿಕೊಂಡಿರಾ, ನೇರ ಬಿಡಿಸಿದಿರಾ? ನಮ್ಮ ಊರಿನ ಕಲಾವಿದರಾದರೆ ಕನ್ನಡದಲ್ಲೇ ಬರೆಯಿರಿ. ನನಗೆ ಬರುವ ಮೆಸೇಜುಗಳಲ್ಲಿ ಇಂಥದಕ್ಕೆ ನಾನು ಕೆಲಸದ ನಡುವೆಯೂ ಅವತ್ತೇ ಉತ್ತರ ಬರೆಯುತ್ತೇನೆ.